ನಳದ ನೀರು, ಹೊಸ ಎಂಜಿನಿಯರ್ ಮತ್ತು ಕೆಂಪು ಪೆನ್ನು

ನಮ್ಮ ಹುಬ್ಬಳ್ಳಿ ಕಡೆ ನೀರಿನ ವಿಭಾಗಕ್ಕೆ ಹೊಸದಾಗಿ ಸೇರಿದ ಎಂಜಿನಿಯರ್ ಕೈಗೆ ಪೈಪಿನ ನಕ್ಷೆ ಸಿಗುವ ಮೊದಲೇ ವಾರ್ಡಿನ ಮುಖಂಡರ ಫೋನ್ ಬಂದಿರುತ್ತದೆ. "ನಮ್ಮ ಓಣ್ಯಾಗ ನಳಾ ಯಾವಾಗ ಬಿಡ್ತೀರಿ ಸಾಹೇಬ್ರ?" ಓದು ಮುಗಿಸಿ ನಾನೂ ಸ್ವಲ್ಪ ಕಾಲ ಅಲ್ಲೇ ಒಬ್ಬ ಗುತ್ತಿಗೆದಾರರ ಬಳಿ ಪೈಪ್‌ಲೈನ್ ಕೆಲಸ ನೋಡಿಕೊಳ್ಳುತ್ತಿದ್ದೆ. ಈಗ ಅಮೆರಿಕದ ನಡುಭಾಗದ ಒಂದು ಸಣ್ಣ ನಗರದ ನೀರಿನ ಇಲಾಖೆಯಲ್ಲಿದ್ದೇನೆ. ಅಕ್ಕನ ಮಗ ಹಾವೇರಿ ಜಿಲ್ಲೆಯ ಒಂದು ಪುರಸಭೆಗೆ ಕಿರಿಯ ಎಂಜಿನಿಯರ್ ಆಗಿ ಸೇರಿದ್ದಾನೆ. ಫೋನ್ ಮಾಡಿದಾಗೆಲ್ಲ ಅವನದು ಒಂದೇ ಮಾತು: "ಮಾಮಾ, ಅಲ್ಲೆ ಎಲ್ಲಾ ಕಂಪ್ಯೂಟರ್‌ದಾಗ ಇರತೈತಿ. ನಿಮಗೇನ ತ್ರಾಸ ಬಿಡ್ರಿ."

ಎಲ್ಲಾ ಕಂಪ್ಯೂಟರಿನಲ್ಲಿ ಇಲ್ಲ. ಸೀಸ ನೀರಿಗೆ ಸೇರಿದರೆ ವಿಷ, ಹಾಗಾಗಿ ಹೊಸದಾಗಿ ಸೀಸದ ಪೈಪ್ ಹಾಕಬಾರದು ಅಂತ ಇಲ್ಲಿ ಕಾನೂನು ಬಂದದ್ದು 1986ರಲ್ಲಿ. ಅದಕ್ಕೂ ಮೊದಲು ಹಾಕಿದ್ದು ಎಲ್ಲೆಲ್ಲಿ ಉಳಿದಿದೆ? ಮನೆಮನೆಗೆ ಹೋಗುವ ಪೈಪ್ ಯಾವುದರದ್ದು ಅನ್ನುವ ಪಟ್ಟಿಯನ್ನು 2024ರ ಅಕ್ಟೋಬರ್ 16ರೊಳಗೆ ಕೊಡಬೇಕು ಎಂದು ಇಲ್ಲಿನ ಕೇಂದ್ರ ಪರಿಸರ ಸಂಸ್ಥೆ ಗಡುವು ಹಾಕಿತು. ಆ ಪಟ್ಟಿಯಲ್ಲಿ 'ಗೊತ್ತಿಲ್ಲ' ಅಂತ ಬರೆಯುವುದಕ್ಕೂ ಜಾಗ ಇತ್ತು, ಮತ್ತು ಆ 'ಗೊತ್ತಿಲ್ಲ'ಗಳನ್ನು ಹುಡುಕಿಕೊಂಡು ಹೋಗುವ ಕೆಲಸ ಹೊಸ ಹುಡುಗ ಹುಡುಗಿಯರ ಪಾಲಿಗೇ ಬಂತು. ಹಳೇ ಕಾರ್ಡು ನೋಡು, ಕೈಬರಹದ ರಿಜಿಸ್ಟರ್ ನೋಡು, ಮನೆ ಕಟ್ಟಿದ ವರ್ಷ ನೋಡು, ಕೊನೆಗೆ ಯಾವುದೂ ಹೊಂದದೇ ಹೋದರೆ ರಸ್ತೆ ಬದಿಯಲ್ಲಿ ಗುಂಡಿ ತೋಡಿ ಪೈಪನ್ನು ಕೆರೆದು ನೋಡು. ಸೀಸ ಆದರೆ ಕೆರೆದ ಜಾಗ ಬೆಳ್ಳಗೆ ಹೊಳೆಯುತ್ತದೆ, ಅಯಸ್ಕಾಂತ ಅಂಟುವುದಿಲ್ಲ.

ವಾಲ್ವ್‌ಗಳ ಕಥೆಯೂ ಹಾಗೇ. ನಕ್ಷೆಯಲ್ಲಿ ಇರುತ್ತದೆ, ಡಾಂಬರಿನ ಕೆಳಗೆ ಮುಚ್ಚಿಹೋಗಿರುತ್ತದೆ. ಯಾವುದು ಎಡಕ್ಕೆ ತಿರುಗಿಸಿದರೆ ತೆರೆಯುತ್ತದೆ, ಯಾವುದು ಬಲಕ್ಕೆ, ಯಾವುದು ಮುಚ್ಚಿದಂತೆ ಕಂಡರೂ ನೀರು ಬಿಡುತ್ತಲೇ ಇದೆ, ಇದೆಲ್ಲ ಗೊತ್ತಿರುವುದು ಇನ್ನೇನು ನಿವೃತ್ತಿ ಆಗಲಿರುವ ಒಬ್ಬ ಹಳೇ ಆಪರೇಟರ್‌ಗೆ. ನಮ್ಮ ವಾಲ್‌ಮನ್ ಅಣ್ಣಂದಿರಿಗೂ ಇವರಿಗೂ ಅಂಗಿ ಬೇರೆ ಅಷ್ಟೇ.

ನಿಜವಾದ ವ್ಯತ್ಯಾಸ ಸಹಿಯಲ್ಲಿದೆ. ಇಲ್ಲಿ ಡಿಗ್ರಿ ಆದ ಮೇಲೆ ಒಂದು ಪರೀಕ್ಷೆ, ಆಮೇಲೆ ಹೆಚ್ಚಿನ ರಾಜ್ಯಗಳಲ್ಲಿ 4 ವರ್ಷ ಲೈಸೆನ್ಸ್ ಇರುವ ಎಂಜಿನಿಯರ್ ಕೈಕೆಳಗೆ ಕೆಲಸ, ಮತ್ತೊಂದು ಪರೀಕ್ಷೆ. ಇವೆಲ್ಲ ಆದ ಮೇಲೇ ನಿಮ್ಮ ಹೆಸರಿನ ಸೀಲು. ಅಲ್ಲಿಯವರೆಗೆ ನಿಮ್ಮ ಡ್ರಾಯಿಂಗ್ ಮೇಲೆ ಸೀಲು ಒತ್ತುವವರು ಬೇರೆಯವರು, ನಾಳೆ ಏನಾದರೂ ಆದರೆ ಉತ್ತರ ಕೊಡಬೇಕಾದವರೂ ಅವರೇ. ಹಾಗಾಗಿ ಸುಮ್ನೆ ಸೀಲು ಒತ್ತಲ್ಲ, ಕೆಂಪು ಪೆನ್ನು ಹಿಡಿದು ಕೂರುತ್ತಾರೆ. ಇಲ್ಲಿ 8 ಇಂಚಿನ ಪೈಪ್ ಯಾಕೆ, 6 ಸಾಲಲ್ವಾ? ಈ ತುದಿಯಲ್ಲಿ ಬೆಂಕಿ ಬಿದ್ದು ಹೈಡ್ರಂಟ್, ಅಂದರೆ ಬೆಂಕಿ ಆರಿಸುವವರ ದೊಡ್ಡ ನಳ, ತೆಗೆದರೆ ಒತ್ತಡ 20 ಪಿಎಸ್‌ಐಗಿಂತ, ಅಂದರೆ ಸುಮಾರು 14 ಮೀಟರ್ ನೀರಿನ ಎತ್ತರಕ್ಕಿಂತ, ಕೆಳಗೆ ಇಳಿಯಲ್ವಾ? ಮೊದಮೊದಲು ಸಿಟ್ಟು ಬರುತ್ತಿತ್ತು. ಆದರೆ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಕೆಂಪು ಗೀಟುಗಳಿಂದಲೇ.

ನಮ್ಮಲ್ಲಿ ಅಕ್ಕನ ಮಗನನ್ನು ಇಂಥ ಲೈಸೆನ್ಸ್ ಯಾರೂ ಕೇಳಲಿಲ್ಲ. ಆರ್ಡರ್ ಕೈಗೆ ಬಂದರೆ ಆಯ್ತು, ಮೆಷರ್‌ಮೆಂಟ್ ಬುಕ್ (ಆದ ಕೆಲಸದ ಅಳತೆ ಪುಸ್ತಕ) ಬರೆಯೋದು ಶುರು. ಮೇಲೆ ಸಹಾಯಕ ಕಾರ್ಯನಿರ್ವಾಹಕರು, ಅವರ ಮೇಲೆ ಕಾರ್ಯನಿರ್ವಾಹಕರು ಇರುತ್ತಾರೆ, ಇಲ್ಲ ಅಂತಲ್ಲ. ಅವರಿಗೂ ಪುರುಸೊತ್ತು ಎಲ್ಲಿದೆ? ಅಕ್ಕನ ಮಗನಿಗೆ ಬೆಳಗ್ಗೆ ನೀರು, ಮಧ್ಯಾಹ್ನ ಗಟಾರ, ಸಂಜೆ ರಸ್ತೆ ಬಿಲ್ಲು, ನಡುವೆ ಚುನಾವಣೆ ಬಂದರೆ ಅದರ ಡ್ಯೂಟಿ. ಅವನ ಎಸ್ಟಿಮೇಟ್ ನೋಡಿ "ಇದು ಯಾಕೆ ಹೀಗೆ" ಅಂತ ಕೇಳಿದವರು ಇಲ್ಲ. ದರ ಸರಿಯಿದೆಯಾ ಅಂತ ಮಾತ್ರ ಎಲ್ಲರೂ ನೋಡುತ್ತಾರೆ.

ಇಷ್ಟಾಗಿಯೂ ಅವನ ಲೆಕ್ಕ ನನ್ನ ಲೆಕ್ಕಕ್ಕಿಂತ ಕಷ್ಟದ್ದು. ಪೈಪ್ ಜಾಲದ ಲೆಕ್ಕಕ್ಕೆ ಕಾಲೇಜಿನಲ್ಲಿ ಕಲಿಸುವ ಇಪಾನೆಟ್ ಸಾಫ್ಟ್‌ವೇರ್ 1993ರಲ್ಲಿ ಇದೇ ಅಮೆರಿಕದ ಪರಿಸರ ಸಂಸ್ಥೆ ಮಾಡಿ ಉಚಿತವಾಗಿ ಕೊಟ್ಟದ್ದು. ಪೈಪ್ ಸದಾ ತುಂಬಿರುತ್ತದೆ ಎಂದುಕೊಂಡೇ ಅದು ಲೆಕ್ಕ ಹಾಕುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಓಣಿಯಲ್ಲಿ ಪೈಪಿನೊಳಗೆ ಮೊದಲು ಇರುವುದು ಗಾಳಿ. ಕೇಂದ್ರ ಸರ್ಕಾರದ 1999ರ ಕೈಪಿಡಿ 50 ಸಾವಿರದೊಳಗಿನ ಊರಿಗೆ ಪೀಕ್ ಫ್ಯಾಕ್ಟರ್ (ಅಂದರೆ ಸರಾಸರಿಗಿಂತ ಎಷ್ಟು ಪಟ್ಟು ನೀರು ಒಮ್ಮೆಲೇ ಬೇಕಾದೀತು ಅನ್ನುವ ಲೆಕ್ಕ) 3, 2 ಲಕ್ಷ ದಾಟಿದ ಊರಿಗೆ 2 ಅನ್ನುತ್ತಿತ್ತು. ನಳಾ ಬಂತು ಅಂದ ಕೂಡಲೇ ಇಡೀ ಓಣಿ ಒಟ್ಟಿಗೆ ನಳ ತೆಗೆದು, ನೆಲದಡಿಯ ಸಂಪಿನೊಳಗೆ ಪೈಪ್ ಬಿಟ್ಟು, ಒಂದಿಬ್ಬರು ನೇರ ಮೋಟಾರನ್ನೇ ಹಚ್ಚಿಬಿಟ್ಟರೆ ಯಾವ ಫ್ಯಾಕ್ಟರ್ ಹಾಕೋಣ ಹೇಳಿ? ತಗ್ಗಿನ ಮನೆಯಲ್ಲಿ ಸಂಪು ತುಂಬಿ ಅಂಗಳ ತೊಳೆಯುತ್ತಾರೆ, ಏರಿನ ಮನೆಯವರು ಕೊಡ ಹಿಡಿದು ನಿಂತಿರುತ್ತಾರೆ. ಧಾರವಾಡದ ಏರಿಳಿತ ಹತ್ತಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಣ್ಣಿನ ಕಾಟವೂ ಇದೆ. ಇಲ್ಲಿ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಹಳೇ ಬೀಡುಕಬ್ಬಿಣದ ಪೈಪ್ ಒಡೆಯುತ್ತದೆ. ನವಲಗುಂದ, ಗದಗ ಕಡೆಯ ಯರಿ ಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ ಜಾಯಿಂಟ್‌ಗಳನ್ನು ಎಳೆಯುತ್ತದೆ. ಇದು ಇಬ್ಬರಿಗೂ ಸಮ.

ನನಗೆ ಬೇಜಾರಾಗುವ ವಿಷಯ ಇನ್ನೊಂದು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಿಂದಲೇ ದಿನದ 24 ಗಂಟೆ ನೀರು ಬರುತ್ತಿತ್ತು. ಪಕ್ಕದ ವಾರ್ಡುಗಳಲ್ಲಿ ಬಿಟ್ಟು ಬಿಟ್ಟು ಬರುತ್ತಿತ್ತು. ಒಂದೇ ಊರು, ಎರಡು ಪದ್ಧತಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಅಲ್ಲಿಗೆ ಹೋಗಿ ನಳದ ನೀರು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ 100 ಮಾದರಿಗೆ ಸುಮಾರು 32ರಲ್ಲಿ ಇ. ಕೋಲಿ, ಅಂದರೆ ನೀರಿಗೆ ಮಲ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ, ಸಿಕ್ಕಿತು, ನಿರಂತರ ನೀರಿನ ಕಡೆ ಒಂದಕ್ಕಿಂತ ಕಡಿಮೆ. ಪೈಪ್ ಖಾಲಿಯಾದಾಗ ಒಳಗಿನ ಒತ್ತಡ ಇಳಿದು, ಸುತ್ತಲಿನ ಗಟಾರದ ನೀರು ಬಿರುಕುಗಳಿಂದ ಒಳಗೆ ಬರುತ್ತದೆ, ಅದೂ ಒಂದು ಕಾರಣ. ಈ ಪ್ರಬಂಧವನ್ನು ನಾನು ಓದಿದ್ದು ಇಲ್ಲಿ ಬಂದ ಮೇಲೆ. ಅಕ್ಕನ ಮಗ ಅದರ ಹೆಸರು ಕೇಳಿದ್ದು ನನ್ನಿಂದ. ನಮ್ಮೂರಿನ ನೀರಿನ ಪಾಠ ನಮ್ಮ ಹುಡುಗರಿಗೇ ತಲುಪಿಲ್ಲ ಅಂದರೆ ಏನು ಹೇಳೋಣ?

ಹಾಗಂತ ಇಲ್ಲಿಯದೆಲ್ಲ ಚೆಂದ ಅಂತಲ್ಲ. ನಾನು ನೀರು ಕೊಡುವ ಜನರನ್ನು ನಾನು ನೋಡಿಯೇ ಇಲ್ಲ ಅನ್ನಬಹುದು. ದೂರು ಒಂದು ನಂಬರಾಗಿ ಬರುತ್ತದೆ, ನಂಬರಾಗಿ ಮುಗಿಯುತ್ತದೆ. ಯಾವ ಮನೆಯಲ್ಲಿ ಮದುವೆ, ಯಾರಿಗೆ ಬೈಗುಳ ತಪ್ಪಿಸಲು ಎರಡು ತಾಸು ಮೊದಲು ನೀರು ಬಿಡಬೇಕು, ಇದೆಲ್ಲ ಅಕ್ಕನ ಮಗನಿಗೆ ಕೆಲವೇ ತಿಂಗಳಲ್ಲಿ ತಿಳಿದುಹೋಗಿದೆ. ಅಂಥ ಪರಿಚಯ ನನಗೆ ಈಗಲೂ ಇಲ್ಲ.

ನನ್ನ ಪ್ರಕಾರ ಹೊಸಬರನ್ನು ಮೊದಲ ಆರು ತಿಂಗಳು ಬಿಲ್ಲು, ಎಸ್ಟಿಮೇಟ್ ಕೊಡದೆ ವಾಲ್‌ಮನ್ ಜೊತೆ ಬಿಡಬೇಕು. ಪ್ರತಿ ವಾಲ್ವ್ ಎಲ್ಲಿದೆ, ಎಷ್ಟು ಸುತ್ತು, ಯಾವ ಕಡೆ, ಫೋಟೋ ಸಮೇತ ಫೋನಿನಲ್ಲೇ ಗುರುತು ಹಾಕಿಕೊಳ್ಳಲಿ. ಕೆಂಪು ಪೆನ್ನಿಗೂ ಜನ ಇದ್ದಾರೆ. ಧಾರವಾಡದ ಸಪ್ತಾಪುರದಲ್ಲಿ ಬೆಳಗ್ಗೆ ವಾಕಿಂಗ್ ಹೋದರೆ ನಿವೃತ್ತ ಎಂಜಿನಿಯರ್‌ಗಳು ಎಷ್ಟು ಜನ ಬೇಕಾದರೂ ಸಿಗುತ್ತಾರೆ. ಗೌರವಧನ ಕೊಟ್ಟು ವಾರಕ್ಕೆ ಎರಡು ದಿನ ಕೂರಿಸಿ, ಹುಡುಗರ ಡ್ರಾಯಿಂಗ್ ಅವರ ಮುಂದಿಡಿ. ಹೆಂಗೂ ಮನೆಯಲ್ಲಿ ಸೊಸೆಗೆ "ನಳಾ ಯಾಕ ಸೋರತೈತಿ" ಅಂತ ಕೇಳಿ ಬೈಸಿಕೊಳ್ಳುತ್ತಿರುತ್ತಾರೆ, ಆ ಪ್ರಶ್ನೆ ಕಚೇರಿಯಲ್ಲಿ ಕೇಳಲಿ.