ಸ್ಪಷ್ಟನೆ: ಗ್ರೀಕರು ಬಿಳಿ ಟೋಗಾ ಮಾತ್ರ ಉಡುತ್ತಿದ್ದರೇ?

'ಪ್ರಾಚೀನ ಗ್ರೀಕರೆಲ್ಲ ಅಚ್ಚ ಬಿಳಿಯ ಟೋಗಾ ಉಡುತ್ತಿದ್ದರು, ಬಣ್ಣದ ಬಟ್ಟೆ ಅವರಿಗೆ ಸೇರುತ್ತಿರಲಿಲ್ಲ' ಎಂಬ ಬರಹವೊಂದು ಅಮೃತಶಿಲೆಯ ವಿಗ್ರಹದ ಚಿತ್ರದೊಂದಿಗೆ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದರಲ್ಲಿ ಎರಡು ತಪ್ಪುಗಳಿವೆ.

ಟೋಗಾ, ಅಂದರೆ ಮೈಗೆ ಸುತ್ತಿ ಹೊದೆಯುವ ಉದ್ದನೆಯ ಬಟ್ಟೆ, ರೋಮನ್ನರದು. ಗ್ರೀಕರು ಉಡುತ್ತಿದ್ದದ್ದು ಖಿಟಾನ್ ಎಂಬ ನಿಲುವಂಗಿ ಮತ್ತು ಹೆಂಗಸರ ಪೆಪ್ಲೋಸ್. ಮೇಲೆ ಹೊದೆಯಲು ಹಿಮಾಟಿಯಾನ್. ಮಗ್ಗದಿಂದ ಇಳಿಸಿದ ಆಯತಾಕಾರದ ಬಟ್ಟೆಯನ್ನೇ ಮಡಚಿ, ಭುಜದ ಮೇಲೆ ಪಿನ್ನು ಚುಚ್ಚಿ, ನಡು ಕಟ್ಟಿದರೆ ಪೆಪ್ಲೋಸ್ ಸಿದ್ಧ.

ಇನ್ನು ಬಣ್ಣದ ಮಾತು. ಬಿಳಿ ಬಟ್ಟೆ ಇತ್ತು, ನಿಜ. ಆದರೆ ಕೇಸರಿ ಹೂವಿನ ಎಳೆಯ ಹಳದಿ, ಮಂಜಿಷ್ಠದ ಜಾತಿಯ ಬೇರಿನ ಕೆಂಪು, ಸಮುದ್ರದ ಬಸವನಹುಳುವಿನಿಂದ ತೆಗೆದ ದುಬಾರಿ ನೇರಳೆಯೂ ಇದ್ದವು. ಅಥೆನ್ಸಿನಲ್ಲಿ ಅಥೀನಾ ದೇವಿಗೆ ಅರ್ಪಿಸುತ್ತಿದ್ದ ಪೆಪ್ಲೋಸ್‌ನಲ್ಲಿ ದೇವತೆಗಳು ದೈತ್ಯರೊಡನೆ ಕಾದಾಡುವ ದೃಶ್ಯವನ್ನೇ ನೇಯುತ್ತಿದ್ದರು. ಅಥೆನ್ಸಿನ ಸಮೀಪದ ಬ್ರೌರಾನಿನಲ್ಲಿದ್ದ ಆರ್ಟೆಮಿಸ್ ದೇವಿಯ ಗುಡಿಗೆ ಹೆಂಗಸರು ಹರಕೆ ಒಪ್ಪಿಸಿದ ಉಡುಪುಗಳ ಪಟ್ಟಿ ಕ್ರಿ.ಪೂ. 4ನೇ ಶತಮಾನದ ಶಾಸನಗಳಲ್ಲಿದೆ. ಅಂಚಿನ ಬಣ್ಣವನ್ನೂ ಬಿಡದೆ ಬರೆದಿಟ್ಟಿದ್ದಾರೆ, ಪುಣ್ಯಾತ್ಮರು!

ಹಾಗಾದರೆ ವಿಗ್ರಹಗಳೇಕೆ ಬಿಳಿ? ಹಚ್ಚಿದ್ದ ಬಣ್ಣ ಕಾಲಕ್ರಮದಲ್ಲಿ ಉದುರಿಹೋಯಿತು, ಅಷ್ಟೆ. 1886ರಲ್ಲಿ ಅಥೆನ್ಸಿನ ಕೋಟೆಬೆಟ್ಟ ಆಕ್ರೊಪೊಲಿಸ್‌ನಲ್ಲಿ ಸಿಕ್ಕ, ಕ್ರಿ.ಪೂ. 530ರ ಸುಮಾರಿನ 'ಪೆಪ್ಲೋಸ್ ಕೋರೆ' ಎಂಬ ಕನ್ಯೆಯ ವಿಗ್ರಹದಲ್ಲಿ ಬಣ್ಣದ ಕುರುಹು ಈಗಲೂ ಇದೆ. (ಅವಳು ತೊಟ್ಟಿರುವುದು ಪೆಪ್ಲೋಸ್ ಅಲ್ಲವೇ ಅಲ್ಲ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ, ಆ ಜಗಳ ಬೇರೆ.)