ಲೂಯಿಸ್ ಬಾಕಿ ಉಳಿಸಿಕೊಂಡ ಆ ಒಂದು ಫೈಟ್

ನಮ್ಮ ಭಾವನಿಗೂ ನನಗೂ ಹೊಂದದ ವಿಷಯ ಎರಡೇ. ಒಂದು, ಉಪ್ಪಿಟ್ಟಿಗೆ ಟೊಮೆಟೊ ಹಾಕಬೇಕೋ ಬೇಡವೋ ಅನ್ನೋದು. ಇನ್ನೊಂದು, 2003ರ ಲೂಯಿಸ್–ಕ್ಲಿಚ್ಕೊ ಬಾಕ್ಸಿಂಗ್ ಫೈಟ್. ಮೊದಲನೆಯದಕ್ಕೆ ಅಕ್ಕ ಯಾವತ್ತೋ ತೀರ್ಪು ಕೊಟ್ಟಾಗಿದೆ. ಎರಡನೆಯದು ಮಾತ್ರ ಇಪ್ಪತ್ತು ವರ್ಷ ದಾಟಿದರೂ ಹಾಗೇ ಇದೆ.

ಮೊನ್ನೆ ಭಾನುವಾರ ಅಕ್ಕನ ಮಗ ಫೋನಿನಲ್ಲಿ ಅದೇ ಫೈಟ್ ನೋಡುತ್ತಿದ್ದ. ಮುಗಿದ ಮೇಲೆ ಏನೇನೋ ಟೈಪ್ ಮಾಡಿ ಹುಡುಕಿದ. ಆಮೇಲೆ ಕೇಳಿದ: "ಮಾಮ, ಇವರಿಬ್ಬರ ಎರಡನೇ ಫೈಟ್ ಸಿಗ್ತಾನೇ ಇಲ್ಲ?"

"ಇಲ್ಲ ಕಣೋ. ಆಗಲೇ ಇಲ್ಲ."

"ಯಾಕೆ?"

ಭಾವ ಒಳಗಿಂದಲೇ ಕೂಗಿದರು: "ಯಾಕೆ ಅಂದ್ರೆ ಲೂಯಿಸ್ ಹೆದರಿದ!"

ಅಷ್ಟು ಸಾಕಾಯಿತು. ಅಲ್ಲಿ ಅರ್ಧಕ್ಕೆ ನಿಂತ ಮಾತನ್ನು ಇಲ್ಲಿ ಪೂರ್ತಿ ಮಾಡುತ್ತೇನೆ. ಇಲ್ಲಿ ಭಾವ ನಡುವೆ ಬಾಯಿ ಹಾಕೋಕಾಗಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2003ರ ಜೂನ್ 21, ಲಾಸ್ ಏಂಜಲೀಸ್, ಸ್ಟೇಪಲ್ಸ್ ಸೆಂಟರ್. ಲೆನಾಕ್ಸ್ ಲೂಯಿಸ್ ಆಗ ಹೆವಿವೇಟ್ ಚಾಂಪಿಯನ್. ಹಿಂದಿನ ವರ್ಷ ಮೈಕ್ ಟೈಸನ್‌ನನ್ನು ಎಂಟನೇ ಸುತ್ತಿನಲ್ಲಿ ಮಲಗಿಸಿದ್ದ. ಆಮೇಲೆ ಒಂದು ವರ್ಷ ರಿಂಗಿಗೇ ಇಳಿದಿರಲಿಲ್ಲ. ಅವತ್ತು ಅವನ ಎದುರಾಳಿ ಕಿರ್ಕ್ ಜಾನ್ಸನ್ ಆಗಬೇಕಿತ್ತು. ಫೈಟಿಗೆ ಎರಡು ವಾರ ಇದೆ ಅನ್ನುವಾಗ ಜಾನ್ಸನ್‌ಗೆ ಪೆಟ್ಟಾಯಿತು. ಅದೇ ರಾತ್ರಿ, ಅದೇ ಜಾಗದಲ್ಲಿ, ಮುಖ್ಯ ಫೈಟಿಗೂ ಮುಂಚೆ ಬೇರೆಯವನ ಜೊತೆ ಆಡಬೇಕಿದ್ದ ಉಕ್ರೇನಿನ ವಿಟಾಲಿ ಕ್ಲಿಚ್ಕೊನನ್ನು ಕರೆದು ಚಾಂಪಿಯನ್ ಎದುರು ನಿಲ್ಲಿಸಿದರು.

ಲೂಯಿಸ್ ತೂಕ ಅವತ್ತು 256.5 ಪೌಂಡ್. ನಮ್ಮ ಲೆಕ್ಕದಲ್ಲಿ 116 ಕಿಲೋ ಚಿಲ್ಲರೆ. ಅವನ ಇಡೀ ವೃತ್ತಿಯಲ್ಲೇ ಅತಿ ಜಾಸ್ತಿ ತೂಕ. ವಯಸ್ಸು 37. ಅಂಗಿ ತೆಗೆದು ನಿಂತಾಗಲೇ ಸೊಂಟದ ಹತ್ತಿರ ಎಲ್ಲ ಗೊತ್ತಾಗುತ್ತೆ. ಮದುವೆ ಸೀಸನ್ ಮುಗಿಸಿಕೊಂಡು ಬಂದ ನೆಂಟರ ಥರ.

ವಿಟಾಲಿ ಮೇಲೂ ಒಂದು ಕಳಂಕ ಇತ್ತು. 2000ದಲ್ಲಿ ಬರ್ಲಿನ್‌ನಲ್ಲಿ ಕ್ರಿಸ್ ಬರ್ಡ್ ವಿರುದ್ಧ ಪಾಯಿಂಟ್ಸ್‌ನಲ್ಲಿ ಮುಂದಿದ್ದಾಗ, ಒಂಬತ್ತು ಸುತ್ತು ಮುಗಿದ ಮೇಲೆ ಸ್ಟೂಲಿನಿಂದ ಏಳಲೇ ಇಲ್ಲ. ಭುಜದ ಸ್ನಾಯು ಹರಿದಿತ್ತು. ಆದರೂ ಅಮೆರಿಕದವರು ಅವನನ್ನು ಅರ್ಧಕ್ಕೆ ಕೈಚೆಲ್ಲುವವನು ಅಂತಲೇ ಬರೆದರು. ಬಾಕ್ಸಿಂಗ್‌ನಲ್ಲಿ ಸೋತವನನ್ನು ಕ್ಷಮಿಸುತ್ತಾರೆ, ಸಾಕು ಅಂದವನನ್ನು ಕ್ಷಮಿಸಲ್ಲ.

ಇನ್ನು ಫೈಟ್. ಎರಡನೇ ಸುತ್ತಿನಲ್ಲಿ ವಿಟಾಲಿಯ ಬಲಗೈ ಏಟು ಬಿದ್ದು ಲೂಯಿಸ್ ಕಾಲು ತಡವರಿಸಿತು. ಗಂಟೆ ಹೊಡೆದಾಗ ಚಾಂಪಿಯನ್ ಮುಖ ನೋಡಬೇಕು, ರಾತ್ರಿ ಬಸ್ಸಿನಲ್ಲಿ ನಿಲ್ದಾಣ ತಪ್ಪಿಸಿಕೊಂಡು ಎಚ್ಚರವಾದವನ ಥರ. ಮೂರನೇ ಸುತ್ತಿನಲ್ಲಿ ಲೂಯಿಸ್‌ನ ಬಲಗೈ ಮೇಲಿಂದ ಬಂತು. ವಿಟಾಲಿಯ ಎಡಗಣ್ಣಿನ ಮೇಲೆ ಚರ್ಮ ಬಿರಿಯಿತು. ಅಲ್ಲಿಂದಾಚೆಗೆ ಅದು ಎರಡು ಫೈಟ್. ಒಂದು ಅವರಿಬ್ಬರ ನಡುವೆ, ಇನ್ನೊಂದು ವಿಟಾಲಿ ಮತ್ತು ಅವನ ರಕ್ತದ ನಡುವೆ.

ಹುಬ್ಬಿನ ಹತ್ತಿರದ ಗಾಯ ಎಂಥದ್ದು ಅಂತ ನನಗೆ ಸ್ವಲ್ಪ ಗೊತ್ತು. ಹೈಸ್ಕೂಲಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುವಾಗ ಕ್ಯಾಚ್ ಹಿಡಿಯಲು ಓಡಿ ಯಾರದೋ ಮನೆ ಗೇಟಿಗೆ ಹಣೆ ಕೊಟ್ಟಿದ್ದೆ. ಹುಬ್ಬಿಗೆ ನಾಲ್ಕು ಹೊಲಿಗೆ, ಅಷ್ಟೇ. ನೋವು ಅಂಥದ್ದೇನೂ ಇರಲಿಲ್ಲ. ಆದರೆ ರಕ್ತ ನಿಲ್ಲಲಿಲ್ಲ. ರೆಪ್ಪೆ ಅಂಟಿಕೊಂಡಿತು. ಒರೆಸಿದಷ್ಟೂ ಬಂತು. ಆ ಕಡೆಯಿಂದ ಸೈಕಲ್ ಬರುತ್ತಿದ್ದರೂ ನನಗೆ ಕಾಣಿಸಲಿಲ್ಲ, ಬೆಲ್ ಕೇಳಿ ಪಕ್ಕಕ್ಕೆ ಸರಿದೆ. ಹಾಗಿರುವಾಗ ಆ ಕಡೆಯಿಂದ 116 ಕಿಲೋದ ಮನುಷ್ಯನ ಬಲಗೈ ಬರುತ್ತಿದೆ ಅಂದುಕೊಳ್ಳಿ.

ಆ ಸ್ಥಿತಿಯಲ್ಲೂ ವಿಟಾಲಿ ಹಿಂದೆ ಸರಿಯಲಿಲ್ಲ. ಲೂಯಿಸ್‌ಗೆ ಉಸಿರು ಮೇಲುಮೇಲೆ. ಪ್ರತಿ ಸುತ್ತು ಮುಗಿದಾಗಲೂ ಬಾಯಿ ತೆರೆದುಕೊಂಡು ಕೂರುತ್ತಿದ್ದ. ಆದರೂ ಆರನೇ ಸುತ್ತಿನಲ್ಲಿ ಕೆಳಗಿಂದ ಒಂದು ಅಪ್ಪರ್‌ಕಟ್ ಎತ್ತಿದ ನೋಡಿ, ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ವಿಟಾಲಿಯ ತಲೆ ಹಿಂದಕ್ಕೆ ಹೋಗಿ ವಾಪಸ್ ಬಂತು. ಕಾಲು ಮಾತ್ರ ಅಲ್ಲೇ ಇತ್ತು.

ಆರನೇ ಸುತ್ತಾದ ಮೇಲೆ ಡಾಕ್ಟರ್ ಪಾಲ್ ವ್ಯಾಲೇಸ್ ಬಂದರು. ಅವರನ್ನು ನೋಡಲು ವಿಟಾಲಿ ತಲೆ ಎತ್ತಿದ. ತಲೆ ಎತ್ತಿದರೆ ಮೇಲಿನ ರೆಪ್ಪೆ ಜೋತುಬಿದ್ದು ಕಣ್ಣನ್ನೇ ಮುಚ್ಚಿತು. ಅಷ್ಟು ನೋಡಿ ಡಾಕ್ಟರ್ ಸಾಕು ಅಂದರು. ರೆಫ್ರಿ ಲೂ ಮೊರೆಟ್ ಫೈಟ್ ನಿಲ್ಲಿಸಿದರು. ವಿಟಾಲಿ ಬೇಡ ಬೇಡ ಅಂತ ಕಿರುಚಿಕೊಂಡು ರಿಂಗ್ ನಡುವೆ ಬಂದ. ಪ್ರತಿ ಸುತ್ತಿಗೂ ಅಂಕ ಬರೆಯುವ ಮೂವರು ಜಡ್ಜ್‌ಗಳ ಕಾರ್ಡಿನಲ್ಲೂ 58-56, ಮೂರೂ ವಿಟಾಲಿ ಕಡೆಗೆ. ಗೆದ್ದಿದ್ದು ಲೂಯಿಸ್. ಜನ ಗೆದ್ದವನಿಗೆ ಛೀಮಾರಿ ಹಾಕಿದರು, ಸೋತವನಿಗೆ ಶಿಳ್ಳೆ ಹೊಡೆದರು. ಆಮೇಲೆ ಆ ಮುಖಕ್ಕೆ ಸುಮಾರು 60 ಹೊಲಿಗೆ ಬಿತ್ತು.

ಇಲ್ಲಿಂದ ಭಾವನ ವಾದ ಶುರು. "ಮೂರು ಕಾರ್ಡಿನಲ್ಲೂ ಮುಂದಿದ್ದವನು ಸೋತ ಅಂದ್ರೆ ಅದು ಮೋಸ ಅಲ್ವೇನಯ್ಯ?"

ಅಲ್ಲ ಭಾವ. ಡಾಕ್ಟರ್ ಮಾಡಿದ್ದು ನೂರಕ್ಕೆ ನೂರು ಸರಿ. ನಿಯಮ ಏನು ಹೇಳುತ್ತೆ ಅಂದ್ರೆ, ಇಬ್ಬರ ತಲೆ ಆಕಸ್ಮಿಕವಾಗಿ ತಾಗಿ ಗಾಯವಾಗಿ, ನಾಲ್ಕು ಸುತ್ತು ಮುಗಿದ ಮೇಲೆ ಅದೇ ಕಾರಣಕ್ಕೆ ನಿಲ್ಲಿಸಿದರೆ ಕಾರ್ಡ್ ನೋಡುತ್ತಾರೆ. ಹಾಗಾಗಿದ್ದರೆ ಚಾಂಪಿಯನ್ ಬೆಲ್ಟ್ ವಿಟಾಲಿ ಸೊಂಟಕ್ಕೆ ಹೋಗುತ್ತಿತ್ತು. ಆದರೆ ಈ ಗಾಯ ಮಾಡಿದ್ದು ಲೂಯಿಸ್‌ನ ಮುಷ್ಟಿ. ಸರಿಯಾದ ಏಟಿನಿಂದ ಆದ ಗಾಯಕ್ಕೆ ಫೈಟ್ ನಿಂತರೆ ಅದು ಟೆಕ್ನಿಕಲ್ ನಾಕೌಟ್, ಅಂದರೆ ಹೊಡೆದವನ ಗೆಲುವು. ಕಾರ್ಡಿನಲ್ಲಿ ಏನೇ ಬರೆದಿರಲಿ, ಅದನ್ನು ಯಾರೂ ತೆರೆಯಲ್ಲ. ದವಡೆಗೆ ಹೊಡೆದರೂ ಏಟೇ, ಹುಬ್ಬಿಗೆ ಹೊಡೆದರೂ ಏಟೇ. ಆದ್ದರಿಂದ ವಿಟಾಲಿಗೆ "ನೈತಿಕ ಗೆಲುವು" ಅನ್ನುವವರು ದಯವಿಟ್ಟು ಸುಮ್ನಿರಿ. ಆ ಮಾತನ್ನು ಪ್ರತಿ ಚುನಾವಣೆ ಮುಗಿದ ಮೇಲೆ ಟಿವಿಯಲ್ಲಿ ಸಾಕಷ್ಟು ಕೇಳಿದ್ದೇವೆ.

ಅಂದರೆ ಫಲಿತಾಂಶದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದರ ಮುಂದಿನ ಏಳೂವರೆ ತಿಂಗಳ ಬಗ್ಗೆ.

ಫೈಟ್ ಮುಗಿದ ಕೂಡಲೇ ರಿಂಗ್ ಒಳಗೆ ಮೈಕ್ ಹಿಡಿದಾಗ ಲೂಯಿಸ್ ಮತ್ತೆ ಆಡಲು ತಯಾರು ಅನ್ನುವ ಧಾಟಿಯಲ್ಲೇ ಮಾತಾಡಿದ. ಇನ್ನೆರಡು ಸುತ್ತಿದ್ದರೆ ಇವನನ್ನು ಮಲಗಿಸುತ್ತಿದ್ದೆ ಅನ್ನುವ ಅರ್ಥದ ಮಾತೂ ಬಂತು. ಸರಿ, ಹಾಗಾದರೆ ಬಾ ಅಂತ ಎಲ್ಲರೂ ಕಾದರು. ಬೇಸಿಗೆ ಹೋಯಿತು. ವರ್ಷದ ಕೊನೆ ಬಂತು. ಡಿಸೆಂಬರ್ 6ಕ್ಕೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ವಿಟಾಲಿ ಆಡಿದ್ದು ಅದೇ ಕಿರ್ಕ್ ಜಾನ್ಸನ್ ಜೊತೆ. ಎರಡೇ ಸುತ್ತು. ಲೂಯಿಸ್ ಕಡೆಯಿಂದ ಹೂಂ ಇಲ್ಲ, ಉಹೂಂ ಇಲ್ಲ. ಕೊನೆಗೆ 2004ರ ಫೆಬ್ರವರಿ 6ರಂದು ಲಂಡನ್ನಿನಲ್ಲಿ ಪತ್ರಕರ್ತರನ್ನು ಕರೆದು ನಿವೃತ್ತಿ ಅಂದುಬಿಟ್ಟ.

ನಿವೃತ್ತಿಯಾಗಬಾರದಿತ್ತು ಅಂತ ನಾನು ಹೇಳಲ್ಲ. 38 ವಯಸ್ಸು. ಅವನ ತಲೆ, ಅವನ ಮೆದುಳು. ದುಡ್ಡು, ಹೆಸರು ಎರಡೂ ಇದ್ದಾಗ ನೆಟ್ಟಗೆ ಮಾತಾಡುತ್ತಾ ಮನೆಗೆ ಹೋದ ಹೆವಿವೇಟ್ ಚಾಂಪಿಯನ್‌ಗಳು ಎಷ್ಟು ಜನ? ಬೆರಳೆಣಿಕೆ. ಆ ಮಟ್ಟಿಗೆ ಜಾಣ. ಆದರೆ ಬೇರೆ ಯಾವ ಚಾಂಪಿಯನ್ ಹೀಗೆ ಮಾಡಿದ್ದರೂ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಮಾಡಿದ್ದು ಲೂಯಿಸ್. ಜೀವನವಿಡೀ ರೀಮ್ಯಾಚ್ ಕೇಳಿಕೊಂಡೇ ಬಂದ ಮನುಷ್ಯ.

ಅವನ ಕಥೆ ನೋಡಿ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೆನಡಾ ಪರ ಆಡಿ ರಿಡಿಕ್ ಬೋನನ್ನು ಎರಡನೇ ಸುತ್ತಿನಲ್ಲಿ ಸೋಲಿಸಿ ಚಿನ್ನ ಗೆದ್ದ. 1992ರಲ್ಲಿ ಬೋ ವಿಶ್ವ ಚಾಂಪಿಯನ್ ಆದ. ಲೂಯಿಸ್ ಜೊತೆ ಆಡು ಅಂತ ಬೆಲ್ಟ್ ಕೊಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ ಹೇಳಿತು. ಬೋ ಏನು ಮಾಡಿದ ಗೊತ್ತಾ? ಲಂಡನ್ನಿಗೆ ಬಂದು, ಕ್ಯಾಮೆರಾಗಳ ಮುಂದೆ, ಆ ಬೆಲ್ಟನ್ನು ಕಸದ ಬುಟ್ಟಿಗೆ ಹಾಕಿದ. ಲೂಯಿಸ್ ಮೊದಲ ಸಲ ಚಾಂಪಿಯನ್ ಆಗಿದ್ದು ಹಾಗೆ, ಇನ್ನೊಬ್ಬ ಬಿಸಾಕಿದ ಬೆಲ್ಟಿನಿಂದ. ಆ ಅವಮಾನ ಅವನಿಗೆ ಬಹಳ ವರ್ಷ ಚುಚ್ಚಿದೆ.

1994ರಲ್ಲಿ ವೆಂಬ್ಲಿಯಲ್ಲಿ ಆಲಿವರ್ ಮೆಕಾಲ್ ಎರಡನೇ ಸುತ್ತಿನಲ್ಲೇ ಇವನನ್ನು ಕೆಡವಿದ. ಎದ್ದು ನಿಂತಿದ್ದೆ, ರೆಫ್ರಿ ಅವಸರಪಟ್ಟರು ಅನ್ನೋದು ಲೂಯಿಸ್ ದೂರು. 1997ರಲ್ಲಿ ಮತ್ತೆ ಮುಖಾಮುಖಿಯಾದಾಗ ಮೆಕಾಲ್ ರಿಂಗಿನಲ್ಲೇ ಅತ್ತುಬಿಟ್ಟ, ಕೈ ಎತ್ತಲೇ ಇಲ್ಲ. ಅದನ್ನು ಮಾತ್ರ ನೋಡೋಕೆ ಹೋಗಬೇಡಿ, ಸಂಕಟ ಆಗುತ್ತೆ. 1999ರ ಮಾರ್ಚ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಜೊತೆ ಡ್ರಾ. ಲೂಯಿಸ್ ಸಲೀಸಾಗಿ ಗೆದ್ದಿದ್ದ ಫೈಟ್ ಅದು. ಒಬ್ಬ ಜಡ್ಜ್ 115-113 ಅಂತ ಹೋಲಿಫೀಲ್ಡ್‌ಗೆ ಕೊಟ್ಟರು. ದೊಡ್ಡ ಗಲಾಟೆಯಾಯಿತು. ನವೆಂಬರ್‌ನಲ್ಲಿ ಮತ್ತೆ ಆಡಿ ಗೆದ್ದ.

ನನಗೆ ಮುಖ್ಯ ಅನಿಸೋದು ಇದರ ಮುಂದಿನದು. 2001ರ ಏಪ್ರಿಲ್, ದಕ್ಷಿಣ ಆಫ್ರಿಕಾ. ಲೂಯಿಸ್ ತಯಾರಿಯನ್ನೇ ಮಾಡದೆ, 253.5 ಪೌಂಡ್ ಹೊತ್ತುಕೊಂಡು ಹೋಗಿ ಹಸೀಮ್ ರಹಮಾನ್ ಕೈಲಿ ಐದನೇ ಸುತ್ತಿನಲ್ಲಿ ಅಂಗಾತ ಬಿದ್ದ. ಕರಾರಿನಲ್ಲಿ ರೀಮ್ಯಾಚ್ ಷರತ್ತಿತ್ತು. ರಹಮಾನ್ ಮಾತ್ರ ಬೇರೆಯವರ ಜೊತೆ ಆಡಲು ಹೊರಟ. ಆಗ ಲೂಯಿಸ್ ಏನು ಮಾಡಿದ? ನ್ಯೂಯಾರ್ಕಿನಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದ. ಮೊದಲು ನನ್ನ ಜೊತೆ ಆಡಲಿ ಅಂತ ಆದೇಶ ತಂದ. ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಾಲ್ಕನೇ ಸುತ್ತಿಗೆ ರಹಮಾನ್‌ನನ್ನು ಮಲಗಿಸಿ ಲೆಕ್ಕ ಚುಕ್ತಾ ಮಾಡಿದ.

ಚಾಂಪಿಯನ್ ತಪ್ಪಿಸಿಕೊಳ್ಳಬಾರದು ಅಂತ ನ್ಯಾಯಾಧೀಶರ ಮುಂದೆ ವಾದ ಮಾಡಿಸಿದವನು ಇವನೇ. ಅದಾಗಿ ಸುಮಾರು ಎರಡು ವರ್ಷಕ್ಕೆ ವಿಟಾಲಿ ಅದೇ ಮಾತು ಕೇಳಿದಾಗ ಇವನಿಗೆ ಕಿವಿ ಮಂದ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ವಿಚಿತ್ರ ಅನಿಸುತ್ತೆ. ಅಲ್ಲಿ ಸರಣಿ ಇರುತ್ತೆ, ವೇಳಾಪಟ್ಟಿ ಇರುತ್ತೆ, ಸೋತರೆ ಮುಂದಿನ ಪಂದ್ಯ. ಬಾಕ್ಸಿಂಗ್‌ನಲ್ಲಿ ಹಾಗೆ ಕೂರಿಸಿ ಆಡಿಸುವ ಒಬ್ಬ ಯಜಮಾನನಿಲ್ಲ. ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರಲ್ಲ, ಹಿರಿಯ ಪೈಲ್ವಾನರು ಕೂತು ಇವನಿಗೆ ಇವನು ಅಂತ ಕೈ ಕೊಡಿಸುತ್ತಾರೆ. ಇಲ್ಲಿ ಜೋಡಿ ಕಟ್ಟೋದು ಪ್ರಮೋಟರ್, ಟಿವಿ ಕಂಪನಿ ಮತ್ತು ಚಾಂಪಿಯನ್‌ನ ಮನಸ್ಸು. ಬೆಲ್ಟ್ ಸಂಸ್ಥೆ ಇಂಥವನ ಜೊತೆ ಆಡು ಅನ್ನಬಹುದು, ಒಪ್ಪದಿದ್ದರೆ ಬೆಲ್ಟ್ ಕಿತ್ತುಕೊಳ್ಳಬಹುದು. ಅದಕ್ಕಿಂತ ಹೆಚ್ಚು ಏನೂ ಮಾಡೋಕಾಗಲ್ಲ. ನಿವೃತ್ತಿ ಅಂದವನನ್ನು ಅದೂ ಮುಟ್ಟಲ್ಲ.

ಖಾಲಿಯಾದ ಆ ಡಬ್ಲ್ಯುಬಿಸಿ ಬೆಲ್ಟನ್ನು 2004ರ ಏಪ್ರಿಲ್‌ನಲ್ಲಿ ವಿಟಾಲಿ ಕೋರಿ ಸ್ಯಾಂಡರ್ಸ್‌ನನ್ನು ಸೋಲಿಸಿ ಗೆದ್ದ. ಅದೇ ಸ್ಟೇಪಲ್ಸ್ ಸೆಂಟರ್‌ನಲ್ಲಿ. ಸ್ಯಾಂಡರ್ಸ್ ಹಿಂದಿನ ವರ್ಷ ವಿಟಾಲಿಯ ತಮ್ಮ ವ್ಲಾಡಿಮಿರ್‌ನನ್ನು ಎರಡೇ ಸುತ್ತಿನಲ್ಲಿ ಹೊಡೆದಿದ್ದವನು, ಹಾಗಾಗಿ ಮನೆಯ ಬಾಕಿಯೂ ತೀರಿತು. ಇದರ ನಡುವೆ ಒಂದು ತಮಾಷೆ. ಲೂಯಿಸ್‌ನ ಕೋಚ್ ಇಮ್ಯಾನುಯೆಲ್ ಸ್ಟುವರ್ಡ್ ಅದೇ ವರ್ಷ ವ್ಲಾಡಿಮಿರ್‌ನ ಮೂಲೆಗೆ ಹೋಗಿ ನಿಂತರು. ಕ್ಲಿಚ್ಕೊ ಮನೆಯವರು ಎಂಥವರು ಅಂತ ಹತ್ತಿರದಿಂದ ನೋಡಿದ್ದರಲ್ಲ.

ವಿಟಾಲಿ ಈಗ ಕೀವ್ ಮೇಯರ್. 2014ರಿಂದ. ಅವನ ದಾಖಲೆ 45 ಗೆಲುವು, 2 ಸೋಲು. ಎರಡೂ ಸೋಲು ಗಾಯದಿಂದ, ಎರಡರಲ್ಲೂ ನಿಲ್ಲಿಸಿದಾಗ ಕಾರ್ಡಿನಲ್ಲಿ ಅವನೇ ಮುಂದೆ. ಲೂಯಿಸ್ ದಾಖಲೆ 41 ಗೆಲುವು, 2 ಸೋಲು, 1 ಡ್ರಾ. ತನ್ನನ್ನು ಸೋಲಿಸಿದ ಇಬ್ಬರನ್ನೂ, ಡ್ರಾ ಮಾಡಿಕೊಂಡವನನ್ನೂ ಮತ್ತೆ ಕರೆದು ಸೋಲಿಸಿದ್ದಾನೆ.

ಈಗ ಭಾವ ಯಾವತ್ತೂ ಒಪ್ಪದ ಮಾತು. ಆ ರೀಮ್ಯಾಚ್ ಆಗಿದ್ದರೆ, ಲೂಯಿಸ್ ನೆಟ್ಟಗೆ ತಯಾರಾಗಿ ಹತ್ತು ಪೌಂಡ್ ಇಳಿಸಿಕೊಂಡು ಬಂದಿದ್ದರೆ, ನನ್ನ ದುಡ್ಡು ಲೂಯಿಸ್ ಮೇಲೆ. ರಹಮಾನ್ ಜೊತೆ ಎರಡನೇ ಸಲ ಆಡಿದ ಲೂಯಿಸ್‌ನನ್ನು ನೋಡಿ. ಒಮ್ಮೆ ಪೆಟ್ಟು ತಿಂದ ಮೇಲೆ ಅವನು ಬೇರೆಯೇ ಮನುಷ್ಯ. ದಣಿದು ಏದುಸಿರು ಬಿಡುವಾಗಲೇ ಅಂಥ ಅಪ್ಪರ್‌ಕಟ್ ಎತ್ತಿದವನು ಉಸಿರಿದ್ದಾಗ ಏನು ಮಾಡುತ್ತಿದ್ದ? ಅದಕ್ಕೇ ನನಗೆ ಜಾಸ್ತಿ ಸಿಟ್ಟು. ಗೆಲ್ಲುವ ಫೈಟ್ ಬಿಟ್ಟು ಹೋದ.

ಇದನ್ನೇ ಭಾನುವಾರ ಭಾವನಿಗೆ ಹೇಳಿದೆ. "ಗೆಲ್ತೀನಿ ಅಂತ ಅವನಿಗೆ ಅನ್ನಿಸಿದ್ರೆ ಆಡ್ತಿರಲಿಲ್ವೇನಯ್ಯ?" ಅಂದರು. ನನ್ನ ಹತ್ತಿರ ಉತ್ತರ ಇತ್ತು. ಅಷ್ಟರಲ್ಲಿ ಅಕ್ಕ ತಟ್ಟೆ ತಂದಿಟ್ಟಳು. ಉಪ್ಪಿಟ್ಟು. ಟೊಮೆಟೊ ಹಾಕಿದ್ದಳು.