ಗುರಾಣಿಯ ಲಾಂಛನ, ಮುದ್ರೆಯ ಲಾಂಛನ

ಗೋವೆಯ ರೇಯ್ಸ್ ಮಾಗೋಸ್ ಚರ್ಚಿನ ಮುಂಗೋಡೆಯ ಮೇಲೆ ಪೋರ್ಚುಗಲ್ ರಾಜರ ಲಾಂಛನ ಇವತ್ತಿಗೂ ಇದೆ. ಪಣಜಿ ಬಸ್‌ಸ್ಟ್ಯಾಂಡಿಗೆ ಬಂದರೆ ಕದಂಬ ಬಸ್ಸುಗಳ ಮೇಲೆ ಸಿಂಹ. ಇಲ್ಲಿನ ಕನ್ನಡಿಗರ ಆಮಂತ್ರಣ ಪತ್ರಿಕೆ, ಫ್ಲೆಕ್ಸ್‌ಗಳಲ್ಲಿ ಮಾತ್ರ ಗಂಡಭೇರುಂಡ, ಇಲ್ಲವೇ ನೇರವಾಗಿ ಅಶೋಕನ ಸಿಂಹಗಳು. ಹೀಗೆ ಕೈಗೆ ಸಿಕ್ಕಿದ್ದನ್ನು ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ.

ಯುರೋಪಿನ ಲಾಂಛನ ಹುಟ್ಟಿದ್ದು ಗುರಾಣಿಯ ಮೇಲೆ. ಶಿರಸ್ತ್ರಾಣದೊಳಗೆ ಮುಖ ಮುಚ್ಚಿಹೋದವನನ್ನು ದೂರದಿಂದಲೇ ಗುರುತು ಹಿಡಿಯಬೇಕಿತ್ತು. ಅದಕ್ಕೇ ಬಣ್ಣದ ಕಟ್ಟುನಿಟ್ಟು: ಹಳದಿ, ಬಿಳಿ ಎಂದರೆ ಚಿನ್ನ, ಬೆಳ್ಳಿ, ಅವು ಕೆಂಪು, ನೀಲಿ, ಹಸಿರು, ಕಪ್ಪಿನ ಮೇಲೆ ಬರಬೇಕೇ ಹೊರತು ಒಂದರ ಮೇಲೊಂದು ಬರಬಾರದು. ಪೋರ್ಚುಗಲ್ಲಿನದನ್ನೇ ನೋಡಿ. ಬಿಳಿಯ ಮೇಲೆ ಐದು ನೀಲಿ ಗುರಾಣಿ, ಒಂದೊಂದರಲ್ಲೂ ಐದು ಬಿಳಿ ಚುಕ್ಕಿ, ಸುತ್ತ ಕೆಂಪು ಅಂಚಿನಲ್ಲಿ ಏಳು ಚಿನ್ನದ ಕೋಟೆ. 1139ರ ಔರೀಕ್ ಕದನದಲ್ಲಿ ಪೋರ್ಚುಗಲ್ಲಿನ ಮೊದಲ ದೊರೆ ಅಫೊನ್ಸೊ ಸೋಲಿಸಿದ ಐವರು ಅರಸರ ನೆನಪಿಗೆ ಆ ಐದು ಎನ್ನುವುದು ಐತಿಹ್ಯ. ಕ್ರಿಸ್ತನ ಐದು ಗಾಯಗಳು ಎಂದೂ ಹೇಳುತ್ತಾರೆ. ಇಂದಿನ ಲಾಂಛನದಲ್ಲಿ ಗುರಾಣಿಯ ಹಿಂದಿರುವ ಖಗೋಳದ ಬಳೆಗಳು (ಬಳೆಗಳಿಂದ ಮಾಡಿದ ಆಕಾಶಗೋಳದ ಮಾದರಿ) ದೊರೆ ಮಾನುಎಲ್‌ನ ಸ್ವಂತ ಗುರುತಾಗಿತ್ತು. ಗೋವೆ ಪೋರ್ಚುಗೀಸರ ವಶವಾದದ್ದು ಅವನ ಕಾಲದಲ್ಲೇ, 1510ರಲ್ಲಿ.

ನಮ್ಮ ಕಡೆ ಲಾಂಛನದ ಕೆಲಸವೇ ಬೇರೆ ಇತ್ತು. ದಾನಶಾಸನದ ತಾಮ್ರದ ಹಲಗೆಗಳಿಗೆ ತೂತು ಕೊರೆದು, ಬಳೆ ಪೋಣಿಸಿ, ಬಳೆಯ ಎರಡು ತುದಿ ಸೇರುವ ಕಡೆ ಮುದ್ರೆ ಕೂರಿಸುತ್ತಿದ್ದರು. ಮುದ್ರೆ ಒಡೆಯದೆ ನಡುವೆ ಒಂದು ಹಲಗೆ ಬದಲಿಸುವುದು ಸುಲಭವಿರಲಿಲ್ಲ. ಹಾಗಾಗಿ ಅಂಗೈಯಲ್ಲಿ ಅಡಗುವಷ್ಟು ಜಾಗದಲ್ಲಿ ಒಂದೇ ಆಕೃತಿ ಸ್ಪಷ್ಟವಾಗಿ ಮೂಡಿದರೆ ಸಾಕು, ಬಣ್ಣದ ಹಂಗಿಲ್ಲ: ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ, ಕದಂಬರಿಗೆ ಸಿಂಹ. ಗೋವೆಯ ಕದಂಬರ ಚಿನ್ನದ ನಾಣ್ಯದಲ್ಲೂ ಒಂದು ಕಡೆ ಸಿಂಹ, ಇನ್ನೊಂದು ಕಡೆ ಅವರ ಕುಲದೈವ ಸಪ್ತಕೋಟೀಶ್ವರನ ಹೆಸರು.

ರಾಷ್ಟ್ರಲಾಂಛನ ಈ ಎರಡನೆಯ ದಾರಿಯದು. 1950ರ ಜನವರಿ 26ರಂದು ಅಂಗೀಕರಿಸಿದಾಗ ಗುರಾಣಿ, ಕಿರೀಟಗಳ ಗೊಡವೆಗೇ ಹೋಗಲಿಲ್ಲ. ಸಾರನಾಥದ ಅಶೋಕನ ಕಂಬದ ಬೋದಿಗೆಯನ್ನೇ, ಎಂದರೆ ಕಂಬದ ನೆತ್ತಿಯ ಕೆತ್ತನೆಯನ್ನೇ ತೆಗೆದುಕೊಂಡರು. ಕಲ್ಲನ್ನು ಕಾಗದಕ್ಕಿಳಿಸುವಾಗ ಕೆಲವು ಬಿಟ್ಟುಹೋದವು. ನಾಲ್ಕು ಸಿಂಹಗಳಲ್ಲಿ ಕಾಣುವುದು ಮೂರು. ಪೀಠದಲ್ಲಿ ನಡುವೆ ಚಕ್ರ, ಬಲಕ್ಕೆ ಗೂಳಿ, ಎಡಕ್ಕೆ ಕುದುರೆ. ಆನೆ, ಸಿಂಹ ಹಿಂಬದಿಗಾದವು. ಕೆಳಗಿನ ಗಂಟೆಯಾಕಾರದ ಕಮಲ ಇಲ್ಲ. ಮೂಲದಲ್ಲಿ ಸಿಂಹಗಳ ನೆತ್ತಿಯ ಮೇಲಿದ್ದ ದೊಡ್ಡ ಚಕ್ರವೂ ಇಲ್ಲ. ಸೇರಿದ್ದು ಮುಂಡಕೋಪನಿಷತ್ತಿನ ‘ಸತ್ಯಮೇವ ಜಯತೇ’.

ಕರ್ನಾಟಕದ್ದು ಎರಡನ್ನೂ ಬೆರೆಸಿದ್ದು. ಬಳ್ಳಿಗಾವೆಯ 1047ರ ಕಂಬದ ಮೇಲಿರುವ ಭೇರುಂಡ ಅಪ್ಪಟ ನಮ್ಮದು. ಮೈಸೂರು ಒಡೆಯರ ಮೂಲಕ ಬಂದ ಲಾಂಛನದ ಚೌಕಟ್ಟು ಮಾತ್ರ ಪೂರಾ ಯುರೋಪಿನದು: ಕೆಂಪು ಗುರಾಣಿ, ಅದರಲ್ಲಿ ಬಿಳಿ ಹಕ್ಕಿ (ಬಣ್ಣದ ನಿಯಮ ಪಾಲಿಸಿದ್ದಾರೆ!), ಆಚೆ ಈಚೆ ಆನೆಮೊಗದ ಸಿಂಹಗಳು, ಮೇಲೆ ಅಶೋಕನ ಬೋದಿಗೆ. ದೊಡ್ಡ ಗಾತ್ರದಲ್ಲಿ ಇದಕ್ಕೆ ಗತ್ತಿದೆ. ಸಂಘದ ರಬ್ಬರ್ ಸ್ಟಾಂಪಿಗೆ ಇಳಿಸಿ ನೋಡಿ, ರೆಕ್ಕೆಯ ಗೆರೆಗಳ ನಡುವೆ ಇಂಕು ತುಂಬಿ ಹಕ್ಕಿ ಹೋಗಿ ಮಸಿಯ ಮುದ್ದೆ ಆಗಿರುತ್ತದೆ.

ಇನ್ನು ಕಾನೂನು. 2005ರ ಕಾಯ್ದೆಯ ಪ್ರಕಾರ ಸರ್ಕಾರದ್ದು ಎಂಬ ಭಾವನೆ ಬರುವಂತೆ ಖಾಸಗಿಯವರು ರಾಷ್ಟ್ರಲಾಂಛನ ಬಳಸಿದರೆ ಎರಡು ವರ್ಷದವರೆಗೆ ಜೈಲು, ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ‘ಸತ್ಯಮೇವ ಜಯತೇ’ ತೆಗೆದುಹಾಕಿದರೆ ಪರವಾಗಿಲ್ಲ ಎಂದುಕೊಳ್ಳುವವರಿದ್ದಾರೆ. ಅನುಕರಣೆಗೂ ಕಾಯ್ದೆ ಅನ್ವಯಿಸುತ್ತದೆ. ರಾಜ್ಯ ಲಾಂಛನದ ನೆತ್ತಿಯಲ್ಲೂ ಅದೇ ಬೋದಿಗೆ ಇರುವುದರಿಂದ ಅದನ್ನೂ ಮುಟ್ಟದಿರುವುದು ಕ್ಷೇಮ.

ಗೋವೆಯ ಕನ್ನಡಿಗರಿಗೆ ಕದಂಬ ಸಿಂಹಕ್ಕಿಂತ ಒಪ್ಪುವ ಗುರುತು ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ. ಎರಡೂ ನಾಡಿಗೆ ಸೇರಿದ್ದು, ಒಂದೇ ಬಣ್ಣದಲ್ಲಿ ಅಚ್ಚಾಗುವಂಥದ್ದು. ಬಸ್ಸಿನ ಮೇಲಿನ ಚಿತ್ರವನ್ನೇ ಎತ್ತಿಕೊಳ್ಳಬೇಡಿ, ಅದು ಸಾರಿಗೆ ನಿಗಮದ ಲೋಗೊ. ನಾಣ್ಯದ ಫೋಟೊ ಮುಂದಿಟ್ಟುಕೊಂಡು ಕಲಾವಿದರಿಂದ ಬರೀ ಹೊರಗೆರೆಯಲ್ಲಿ ಹೊಸದಾಗಿ ಬರೆಸಿ. ಅಚ್ಚಿಗೆ ಕೊಡುವ ಮುಂಚೆ ಎರಡು ಸೆಂಟಿಮೀಟರಿಗೆ ಕುಗ್ಗಿಸಿ, ಕಾಲು ಬಾಲ ಬಿಡಿಬಿಡಿಯಾಗಿ ಕಾಣುತ್ತವೆಯೇ ನೋಡಿಕೊಳ್ಳಿ.